ನಡು ಕುಸಿದ ಸೇಬಿನ ಪುಡಿಂಗ್

ಮದುವೆಯಾದಾಗಿನಿಂದ ಒಂದು ಮೊಟ್ಟೆಯನ್ನೂ ಒಡೆಯದ ಗಂಡ, ಇವತ್ತು ಅಂಗಿಯ ತೋಳು ಮಡಚಿಕೊಂಡು ಅಡುಗೆಮನೆಗೆ ಬಂದ.

"ಸೇಬಿನ ಪುಡಿಂಗ್ ಸುಲಭ ಅಲ್ವಾ? ಹೇಳ್ಕೊಡು. ಇವತ್ತು ನಾನೇ ಮಾಡ್ತೀನಿ," ಎಂದ ಬೆಕ್ಜಾತ್.

ರಾತ್ರಿಯ ಊಟಕ್ಕೆ ಹಿಟ್ಟು ಲಟ್ಟಿಸುತ್ತಿದ್ದ ಟೊಲ್ಗನಾಯ್ ತಲೆಯೆತ್ತಲಿಲ್ಲ. "ರೌಷನ್‌ಗೆ ಸಿಹಿ ಅಂದ್ರೆ ಇಷ್ಟಾನಾ?"

"ಹೂಂ, ತುಂಬಾ."

ಅಷ್ಟು ಬೇಗ ಉತ್ತರ! ಲಟ್ಟಣಿಗೆಯ ಕೆಳಗೆ ಹಿಟ್ಟು ಹರಿದೇಹೋಯಿತು.

ರೌಷನ್ ಎಂದರೆ ಅವನು ಹಿಂದೆ ಮದುವೆಯಾಗಬೇಕೆಂದಿದ್ದ ಹುಡುಗಿ. ಅಸ್ತಾನಾದಲ್ಲಿ ಕೆಲಸ ಸಿಕ್ಕಿತೆಂದು ಅವನನ್ನು ಬಿಟ್ಟು ಹೋದವಳು, ಈಗ ಅಲ್ಮಾಟಿಗೆ ಮರಳಿದ್ದಳು. ಇನ್ನೂ ಒಂಟಿ. ಇವತ್ತು ರಾತ್ರಿ ಅವಳನ್ನು ಊಟಕ್ಕೆ ಕರೆತರುತ್ತಿದ್ದವಳು ಬೆಕ್ಜಾತನ ಅಕ್ಕ ಕುಲ್ಯಾಶ್. ಟೊಲ್ಗನಾಯ್ ಮಾತ್ರ ಚಿಕ್ಕಮ್ಮ ತೋರಿಸಿದ ಸಂಬಂಧ. ಚಹಾ ಕುಡಿದರು, ಒಪ್ಪಿದರು, ಮದುವೆಯಾಯಿತು. ಪ್ರೀತಿಯ ಮಾತನ್ನು ಇಬ್ಬರೂ ಆಡಿರಲಿಲ್ಲ.

ಅವನು ಅಂಗೈ ತುಂಬುವ ಕೆಂಪು ಅಪೋರ್ಟ್ ತಳಿಯ ಸೇಬುಗಳನ್ನು ಹೆಚ್ಚಿದ. ಮೊಟ್ಟೆ, ಸಕ್ಕರೆಯನ್ನು ನೊರೆ ಬರುವಂತೆ ಕಡೆದು ಮೈದಾ ಬೆರೆಸಿದ. ಮೂಗಿನ ತುದಿಗೆ ಮೈದಾ ಮೆತ್ತಿತ್ತು. ಬೇರೆ ದಿನವಾಗಿದ್ದರೆ ಏಪ್ರನ್ನಿನ ಅಂಚಿನಿಂದಲೋ ಬೆರಳಿನಿಂದಲೋ ಒರೆಸುತ್ತಿದ್ದಳು. ಇವತ್ತು ಒರೆಸಲಿಲ್ಲ. ಯಾರಿಗಾಗಿ ಮೆತ್ತಿಕೊಂಡನೋ ಅವಳೇ ಒರೆಸಲಿ!

ತಟ್ಟೆ ಓವನ್‌ಗೆ ಹೋಯಿತು.

"ಇನ್ನೇನಾದ್ರೂ ಮಾಡ್ಬೇಕಾ?"

"ಅರ್ಧ ಬೆಂದ ಮೇಲೆ ಬಾಗಿಲು ಪೂರ್ತಿ ತೆಗೆದು ಚೆನ್ನಾಗಿ ನೋಡು," ಎಂದಳು ತಣ್ಣಗೆ. ಹಾಗೆ ಮಾಡಿದರೆ ಉಬ್ಬಿದ್ದೆಲ್ಲ ಕುಸಿಯುತ್ತದೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಅವನು ವಿಧೇಯ ವಿದ್ಯಾರ್ಥಿಯಂತೆ ತಲೆಯಾಡಿಸಿದ. ಅದನ್ನು ಕಂಡು ಅವಳಿಗೆ ಇನ್ನಷ್ಟು ಉರಿಯಿತು.

ರೌಷನ್ ಬಂದಳು. ಸುಂದರಿಯೇ. ನಕ್ಕರೆ ಕೆನ್ನೆಯಲ್ಲಿ ಗುಳಿ. ಕುಲ್ಯಾಶ್ ಅಕ್ಕ ಮಾಂಸ ಸವಿಯುತ್ತಲೇ, "ನೀನು ಅವತ್ತು ಹೂಂ ಅಂದಿದ್ರೆ ಈ ಮನೇಲಿ ಚಹಾ ಬಗ್ಗಿಸೋಳು ನೀನಾಗಿರ್ತಿದ್ದೆ ನೋಡು," ಎಂದಳು.

"ಅಕ್ಕಾ, ಸುಮ್ನಿರಿ," ಎಂದು ರೌಷನ್ ನಕ್ಕಳು. ಅವಳ ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದ ಟೊಲ್ಗನಾಯ್ ಕೆಟಲನ್ನು ಟಕ್ಕೆಂದು ಮೇಜಿನ ಮೇಲಿಟ್ಟಳು.

ಆಗ ಬೆಕ್ಜಾತ್ ಪುಡಿಂಗ್ ತಂದಿಟ್ಟ. ನಡುವೆ ದೊಡ್ಡ ಹಳ್ಳ.

"ಅಯ್ಯೋ, ಇದರ ಮೇಲೆ ಯಾರಾದ್ರೂ ಕೂತಿದ್ರಾ?" ಅಕ್ಕ ಗಹಗಹಿಸಿದಳು.

"ನೀನೇ ಮಾಡಿದ್ದಾ ಬೆಕ್ಜಾತ್? ಬದಲಾಗೇ ಇಲ್ಲ ನೀನು!" ಎಂದಳು ರೌಷನ್.

ಅವನು ನಗಲು ನೋಡಿದ. ಆಗಲಿಲ್ಲ. ಕಿವಿ ಕೆಂಪಾಗಿ, ಕಣ್ಣು ಕೆಳಗಿಳಿಯಿತು. ಮೂಗಿನ ಮೇಲೆ ಆ ಮೈದಾ ಇನ್ನೂ ಹಾಗೇ ಇತ್ತು. ಟೊಲ್ಗನಾಯ್ ಕೈಚಾಚಿ ಅದನ್ನು ಒರೆಸಿದಳು.

"ಅವನ ತಪ್ಪಲ್ಲ," ಎಂದುಬಿಟ್ಟಳು. "ಓವನ್ ಬಾಗಿಲು ತೆಗಿ ಅಂತ ಹೇಳಿದ್ದು ನಾನು. ಹಾಳಾಗ್ಲಿ ಅಂತಾನೇ ಹೇಳಿದ್ದು."

ಅಕ್ಕನ ನಗು ನಿಂತಿತು. "ಯಾಕೇ?"

"ಹೊಟ್ಟೆಕಿಚ್ಚು! ನನಗೆ ಒಂದು ದಿನ ಒಂದು ಲೋಟ ನೀರು ಕೊಡದವನು ಅವಳಿಗೆ ಪುಡಿಂಗ್ ಮಾಡ್ತಾನೆ. ಉರಿಯಲ್ವಾ ನನಗೆ?"

ಮೊದಲು ಎದ್ದವಳು ರೌಷನ್. "ಬನ್ನಿ ಅಕ್ಕಾ, ಬಾಲ್ಕನಿಯಿಂದ ಬೆಟ್ಟ ನೋಡೋಣ," ಎಂದು ಕುಲ್ಯಾಶಳನ್ನು ಎಳೆದುಕೊಂಡೇ ಹೋದಳು.

ಬೆಕ್ಜಾತ್ ಹೆಂಡತಿಯನ್ನೇ ನೋಡುತ್ತಿದ್ದ.

"ನನ್ನನ್ನ ಬಿಟ್ಟು ಹೋಗುವಾಗ ಅವಳು ಒಂದು ಮಾತು ಹೇಳಿದ್ಲು. ನೀನು ಸ್ವಂತ ಮನೇಲೂ ನೆಂಟನ ಥರ ಇರ್ತೀಯ ಅಂತ. ಅದನ್ನ ಇವತ್ತು ನಿನ್ನ ಮುಂದೆ ಹೇಳಿಬಿಟ್ರೆ, ನೀನೂ ಹೌದು ಅಂದುಬಿಟ್ರೆ ಅಂತ ಭಯ ಆಯ್ತು. ಅದಕ್ಕೇ, ನಾನೂ ಮನೆಯವನೇ ಅಂತ ತೋರಿಸೋಕೆ ಪುಡಿಂಗ್ ಮಾಡಿದೆ."

"ಮತ್ತೆ ನನಗೆ ಹೇಳೋಕೇನಾಗಿತ್ತು, ಮಂಕೇ?"

"ನೀನು ನನ್ನ ಸಹಿಸ್ಕೊಂಡಿದೀಯ ಅಷ್ಟೇ ಅಂದ್ಕೊಂಡಿದ್ದೆ." ಅವನ ಮುಖ ಮೆಲ್ಲಗೆ ಅರಳುತ್ತಿತ್ತು. "ಹೊಟ್ಟೆಕಿಚ್ಚಂತೆ... ನಿಜವಾಗ್ಲೂ? ನನಗೋಸ್ಕರ?"

"ನಗಬೇಡ."

"ತುಂಬಾ ಉರೀತಾ?"

"ಇನ್ನೂ ಉರೀತಿದೆ."

ಅವನು ಹಳ್ಳ ಬಿದ್ದ ನಡುಭಾಗದಿಂದ, ಸೇಬಿನ ರಸ ಇಂಗಿ ಮೆತ್ತಗಾದ ತುಂಡೊಂದನ್ನು ಚಮಚದಲ್ಲಿ ತೆಗೆದು ಅವಳ ಬಾಯಿಗೆ ಹಿಡಿದ.

"ಅತಿಥಿಗಳಿಗೆ?" ಎಂದಳು ಅವಳು, ತುಟಿ ಬಿಗಿಹಿಡಿದು.

"ಅಂಚಿದೆಯಲ್ಲ, ಅದನ್ನ ತಿನ್ನಲಿ," ಎಂದ ಬೆಕ್ಜಾತ್.