ಹುಲಿಕಲ್ ಏರಿನಲ್ಲಿ ಸುಳ್ಳು ಹೇಳಿದ ಸೆನ್ಸರ್

ಕತ್ತಲಾಗುವುದರೊಳಗೆ ಬೆಳ್ಳಪ್ಪನನ್ನು ಹೊಸನಗರದ ಆಸ್ಪತ್ರೆ ಮುಟ್ಟಿಸಬೇಕಿತ್ತು. ಹುಲಿಕಲ್ ಕೆಳಗಿನ ಕಾಡಿನಲ್ಲಿ ಉಪ್ಪಾಗೆ ಹಣ್ಣು ಕೊಯ್ಯಲು ಮರ ಹತ್ತಿದವನು ಬಿದ್ದು ತೊಡೆ ಮುರಿದುಕೊಂಡಿದ್ದ. ನರ್ಸ್ ಶ್ಯಾಮಲಾ ಕಾಲಿಗೆ ಅಡಿಕೆ ದಬ್ಬೆ ಕಟ್ಟಿದಳು. ಬೆಳ್ಳಪ್ಪನ ತಮ್ಮ ಭೂತಪ್ಪನೂ ಜೀಪಿನ ಉಮೇಶನೂ ಅವನನ್ನು ಕಂಬಳಿಯಲ್ಲಿ ಹೊತ್ತು, ಹಳ್ಳ ದಾಟಿ, ಜಿಗಣೆ ಕಿತ್ತುಕೊಳ್ಳುತ್ತ ರಸ್ತೆಗೆ ತಂದರು.

ಜೀಪು ಘಾಟಿ ಏರತೊಡಗಿತು. ಒಂದು ಮಗ್ಗುಲಿಗೆ ನೀರು ಸುರಿಯುವ ಬಂಡೆ, ಇನ್ನೊಂದು ಮಗ್ಗುಲಿಗೆ ತಳ ಕಾಣದ ಕಣಿವೆ. ಮಂಜು ಮರಗಳ ನೆತ್ತಿಯಿಂದ ಇಳಿದು ರಸ್ತೆಯನ್ನೇ ಮುಚ್ಚುತ್ತಿತ್ತು.

ಕಡಿದಾದ ತಿರುವಿನಲ್ಲಿ ಸ್ಟೇರಿಂಗ್ ಮುಂದಿನ ಮೀಟರಿನಲ್ಲಿ ಹಳದಿ ದೀಪ ಹತ್ತಿತು. ಹತ್ತಲು ಅದಕ್ಕೆ ಬೇರೆ ಜಾಗವೇ ಸಿಗಲಿಲ್ಲ! ಜೀಪು ತೆವಳಿತು, ಮುಲುಗಿತು, ನಿಂತಿತು.

ಭೂತಪ್ಪ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. "ಎಂತಾಯ್ತು ಉಮೇಶಣ್ಣ?"

"ಹೊಗೆ ಫಿಲ್ಟರಿಗೆ ಮಸಿ ಕಟ್ಟಿದೆ ಅಂತಿದೆ. ಹಂಗಾದ್ರೆ ಇಂಜಿನ್ ಎಳೆಯಲ್ಲ ಮಾರಾಯ."

"ಬೆಳ್ಳಪ್ಪಣ್ಣನ ಪಾದ ತಣ್ಣಗಾಗ್ತಿದೆ. ಒಳಗೇ ರಕ್ತ ಸೋರ್ತಿದೆ ಅನ್ಸುತ್ತೆ. ಬೇಗ ನೋಡು," ಎಂದಳು ಶ್ಯಾಮಲಾ.

ಉಮೇಶ ಸ್ಟೇರಿಂಗ್ ಕೆಳಗೆ ಪುಟ್ಟ ಸ್ಕ್ಯಾನರ್ ಸಿಕ್ಕಿಸಿ, ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿದ. ಮೊಬೈಲಿನಲ್ಲಿ ಅಂಕಿ ಮೂಡಿತು.

"ಅದೆಂತ ನಂಬರು?" ಶ್ಯಾಮಲಾ ಹಿಂದಿನಿಂದ ಬಗ್ಗಿ ನೋಡಿದಳು.

"ಫಿಲ್ಟರಿನ ಒತ್ತಡ."

"ಇಂಜಿನ್ ಆಫ್ ಇದ್ಯಲ್ಲ, ಒತ್ತಡ ಎಲ್ಲಿಂದ ಬಂತು? ಗಾಳಿ ಹಾಕದೇ ನನ್ನ ಬಿಪಿ ಮಷಿನ್ ನಂಬರ್ ತೋರಿಸಿದ್ರೆ, ಮಷಿನ್ನೇ ಕೆಟ್ಟಿದೆ ಅಂತೀನಿ. ರೋಗಿಗೆ ಮಾತ್ರೆ ಕೊಡಲ್ಲ."

ಉಮೇಶ ನಾಲಿಗೆ ಕಚ್ಚಿಕೊಂಡ. ಇಳಿದು ಜೀಪಿನಡಿ ನುಸುಳಿದ. ಫಿಲ್ಟರಿನಿಂದ ಒತ್ತಡ ಅಳೆಯುವ ಸೆನ್ಸರಿಗೆ ಎರಡು ಸಣ್ಣ ರಬ್ಬರ್ ಪೈಪುಗಳು. ಕೈಗೆ ಬಟ್ಟೆ ಸುತ್ತಿ ಜಗ್ಗಿದ. ಒಂದರ ತುದಿ ಸೀಳಿತ್ತು, ಒಳಗಿಂದ ನೀರು ತೊಟ್ಟಿಕ್ಕಿತು.

"ನಿನ್ನೆ ಕೆಸರು ತೊಳೆಯಕ್ಕೆ ಅಡಿಕೆಗೆ ಔಷಧಿ ಹೊಡೆಯೋ ಪಂಪು ಹಿಡಿದಿದ್ದೆ. ಅದರ ರಭಸಕ್ಕೇ ಪೈಪು ಸೀಳಿ ನೀರು ಹೊಕ್ಕಿದೆ," ಎಂದ ಸಣ್ಣ ದನಿಯಲ್ಲಿ.

"ಬೈಗುಳ ಆಮೇಲೆ," ಎಂದು ಭೂತಪ್ಪ ಕತ್ತಿ ಕೊಟ್ಟ.

ಉಮೇಶ ಸೀಳಿದ ತುದಿ ಕೊಯ್ದ. ಪೈಪು ಊದಿದ. ಸೆನ್ಸರ್ ಕೊಡವಿದ, ಒರೆಸಿದ, ಮತ್ತೆ ಸಿಕ್ಕಿಸಿದ. ಅಂಕಿ ಸೊನ್ನೆಗಿಳಿಯಿತು. ದೋಷ ಅಳಿಸಿ ಕೀ ತಿರುಗಿಸಿದ. ಇಂಜಿನ್ ಗುಡುಗಿತು.

ಕಣಿವೆ ಹಿಂದುಳಿಯಿತು. ಆಸ್ಪತ್ರೆಯ ಬಾಗಿಲಿಗೆ ಬಂದಾಗ ಇನ್ನೂ ಬೆಳಕಿತ್ತು. ಡಾಕ್ಟರು ಹೊರಬಂದು, "ಜೀವಕ್ಕೆ ಭಯ ಇಲ್ಲ, ಕಾಲೂ ಉಳಿಯುತ್ತೆ," ಎಂದಾಗ ಉಮೇಶ ಮೆಟ್ಟಿಲ ಮೇಲೆ ಕೂತ. ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಊರುಗೋಲಿನಲ್ಲಿ ನಡೆಯುವಂತಾದ ಮೇಲೆ ಬೆಳ್ಳಪ್ಪ ಒಂದು ದಿನ ಉಮೇಶನ ಅಂಗಳಕ್ಕೆ ಬಂದ. ಉಮೇಶ ಜೀಪಿನಡಿ ಮಲಗಿ ಚೊಂಬು, ಬ್ರಷ್ಷು ಹಿಡಿದು ಕೆಸರು ಉಜ್ಜುತ್ತಿದ್ದ. ನೀರು ನಿಲ್ಲದಂತೆ ಪೈಪುಗಳನ್ನು ಮೇಲಕ್ಕೆ ಎತ್ತಿ ಕಟ್ಟಿದ್ದ.

"ಪಂಪು ಎಲ್ಲೋ?"

"ತೋಟದಲ್ಲಿ."

"ಅಲ್ಲೇ ಇರ್ಲಿ," ಎಂದ ಬೆಳ್ಳಪ್ಪ. ಊರುಗೋಲು ಗೋಡೆಗೆ ಒರಗಿಸಿ, ಇನ್ನೊಂದು ಚೊಂಬು ನೀರು ಚಾಚಿದ.