ಹಾಡು ಮುಗಿದ ಮೇಲಿನ ದನಿ

ಮಕ್ಕಳ ಬಟ್ಟೆ ಒಗೆಯುವ ನಡುವೆಯೇ ನಾನು, ಅಮ್ಮ ಹಾಡಿದ್ದ ಕೆಂಟಕಿ ಬೆಟ್ಟದ ಹಾಡುಗಳ ಆಲ್ಬಮ್ ಯಾವ ಯಾವ ವರ್ಷ ಬಿಡುಗಡೆಯಾಯಿತೆಂದು ಹುಡುಕಿ, ಒಂದೊಂದನ್ನೂ ತರಿಸುತ್ತಿದ್ದೆ. ಹೊದಿಕೆಯ ಮೇಲೆ 'ಗಾಯಕಿ ಯಾರೋ ತಿಳಿಯದು' ಎಂದಿತ್ತು. ಮುಂದಿನ ಮುದ್ರಣದಲ್ಲಾದರೂ ಅಮ್ಮ ಆರ್ಲೀನಾಳ ಹೆಸರು ಬರಲೆಂದು ನನ್ನ ಆಸೆ.

"ರೆಕಾರ್ಡ್ ಕಂಪನಿಯವರ ತಪ್ಪು ಕಣೇ. ನಾನು ಆವತ್ತೇ ಹೆಸರು ಬರೆದು ಕಳಿಸಿದ್ದೆ," ಎನ್ನುತ್ತಿದ್ದರು, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ ವರ್ಡೀ ಚಿಕ್ಕಮ್ಮ.

೧೯೫೬ರ ಮೊದಲ ರೆಕಾರ್ಡಿನಲ್ಲಿ ಹಾಡು ಮುಗಿದ ಮೇಲೆ ಬರೀ ಮೌನ. ಮರುವರ್ಷ ಅಮ್ಮ ತೀರಿಕೊಂಡಳು. ೧೯೬೪ರ ಮರುಮುದ್ರಣದಲ್ಲಿ ಅದೇ ಹಾಡು ಮುಗಿದ ಮೇಲೆ ಒಂದು ಉಸಿರು, ಆಮೇಲೆ ಅಮ್ಮನ ದನಿ: "ವರ್ಡೀ, ನನ್ನ ಹೆಸರು ಬರೆಸಿದೆಯೇನೇ?" ಮುಟ್ಟಿದರೆ ರೆಕಾರ್ಡು ತೊರೆಯ ಕಲ್ಲಿನಂತೆ ತಣ್ಣಗಿತ್ತು.

ನಿನ್ನೆ ಮಧ್ಯಾಹ್ನ ೧೯೭೧ರ ಮುದ್ರಣ ಅಂಚೆಯಲ್ಲಿ ಬಂತು. ಚಿಕ್ಕಮ್ಮ ಎದುರಿಗೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಯಾರೂ ಬಿಚ್ಚದ ಹೊದಿಕೆಯನ್ನು ಹರಿದು ರೆಕಾರ್ಡು ಹಾಕಿದೆ. ಅಮ್ಮ ಮತ್ತೆ ಅದನ್ನೇ ಕೇಳಿದಳು. ಈ ಸಲ ರೆಕಾರ್ಡಿನೊಳಗಿಂದಲೇ ಚಿಕ್ಕಮ್ಮನ ದನಿ ಉತ್ತರಿಸಿತು: "ಇಲ್ಲ ಅಕ್ಕಾ. ಯಾರು ಹಾಡಿದ್ದು ಅಂತ ಕಂಪನಿಯವರು ಕೇಳಿದ್ರು. ಗೊತ್ತಿಲ್ಲ ಅಂದೆ."

ಎದುರಿಗಿದ್ದ ಚಿಕ್ಕಮ್ಮ ತುಟಿ ಬಿಚ್ಚಿರಲಿಲ್ಲ. ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟು, "ಆರಿಸೇ ಅದನ್ನ," ಎಂದರು.

ಒಂದೇ ಅಚ್ಚಿನಿಂದ ತೆಗೆದ ರೆಕಾರ್ಡುಗಳ ಒಳ ಅಂಚಿನಲ್ಲಿ ಒಂದೇ ಸಂಖ್ಯೆ ಇರುತ್ತದೆ; ಅವುಗಳಲ್ಲಿ ಕೇಳುವ ದನಿ ಒಂದಿಷ್ಟೂ ಬೇರೆಯಾಗುವುದಿಲ್ಲ. ಮೂರನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೂರರಲ್ಲೂ ಒಂದೇ ಸಂಖ್ಯೆಯಿದೆ.