ಹೊಂಗೆಮರದ ಗೇಟಿನ ಮಜ್ಜಿಗೆ ಪ್ರಕರಣ

2025ರ ಏಪ್ರಿಲ್ 22, ಮಂಗಳವಾರ, ಮಧ್ಯಾಹ್ನ 2 ಗಂಟೆ 40 ನಿಮಿಷ. ಮದ್ದೂರು ಕಡೆಯ ಆ ಠಾಣೆಯ ಮೆಟ್ಟಿಲು ಹತ್ತಿ ಬಂದ ಮನುಷ್ಯನ ಅಂಗಿಯ ಮೇಲೆ ಮಗು ಕಕ್ಕಿದ ಕಲೆ ಇನ್ನೂ ಒಣಗಿರಲಿಲ್ಲ. ಹೆಸರು ಅಶೋಕ್, ಮಳವಳ್ಳಿಯಲ್ಲಿ ಮೇಷ್ಟ್ರು. ಸಬ್ ಇನ್ಸ್‌ಪೆಕ್ಟರ್ ಅರುಂಧತಿ ಕುರ್ಚಿ ತೋರಿಸಿದರೂ ಅವನು ಕೂರಲಿಲ್ಲ.

"ಮಗು ಏನು ತಗೊಂಡಿತ್ತು?"

"ಮಜ್ಜಿಗೆ. ಹೊಂಗೆಮರದ ಗೇಟಿನ ಅರವಟ್ಟಿಗೇಲಿ. ಬೆಳಿಗ್ಗೆ ಹತ್ತೂವರೆಗೆ ಬಸ್ಸಿಳಿದು ಎರಡು ಲೋಟ ಕುಡಿದಳು. ಹನ್ನೆರಡಕ್ಕೆಲ್ಲಾ ವಾಂತಿ ಶುರುವಾಯ್ತು."

"ಈಗ ಎಲ್ಲಿದಾಳೆ?"

"ಮಂಡ್ಯಕ್ಕೆ ಕಳಿಸಿದ್ರು. ಡ್ರಿಪ್ ಹಾಕವ್ರೆ. ಶೋಭಿತಾ ಅಂತ, ಆರು ವರ್ಷ ಮೇಡಂ. ಕಣ್ಣೇ ಬಿಡ್ತಿಲ್ಲ."

"ಬೇರೆಯವರಿಗೂ ಆಗಿದೆಯಾ?"

"ಹದಿನೇಳು ಜನ ತಾಲ್ಲೂಕು ಆಸ್ಪತ್ರೇಲವ್ರೆ."

"ಯಾರ ಮೇಲೆ ಅನುಮಾನ?"

"ದೀಪಿಕ ಅಂತ, ಮಜ್ಜಿಗೆ ಕಡೆಯೋಳು. ಹಳಸಿದ ಮೊಸರು ಹಾಕವಳೆ ಅಂತ ಅಲ್ಲಿ ಎಲ್ಲಾರೂ ಅಂತಾವ್ರೆ."

"ಅಂದೋರು ಕಣ್ಣಲ್ಲಿ ನೋಡಿದಾರಾ?"

3 ಗಂಟೆ 15 ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಅರುಂಧತಿ 'ಅಪರಿಚಿತ' ಎಂದೇ ಬರೆದಳು.

ಜೀಪು ಮಳವಳ್ಳಿ ರಸ್ತೆಗೆ ತಿರುಗಿದಾಗ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡಳು. ಆ ಅರವಟ್ಟಿಗೆ ಅವಳಿಗೆ ಹೊಸದಲ್ಲ. ಚಿಕ್ಕವಳಿದ್ದಾಗ ಅಜ್ಜಿ ಮರಿತಾಯಮ್ಮನ ಸೆರಗು ಹಿಡಿದು ಸಂತೆಗೆ ಹೋಗುವಾಗ ಆ ಮರದ ಕೆಳಗೆ ನಿಲ್ಲುತ್ತಿದ್ದಳು. ಒದ್ದೆ ಮರಳಿನ ಮೇಲೆ ಮೂರು ಮಣ್ಣಿನ ಹರವಿ, ಅವುಗಳ ಕೊರಳಿಗೆ ಒದ್ದೆ ಬಟ್ಟೆ. ಹೊತ್ತು ಇಳಿದ ಮೇಲೆ ಹರವಿಗಳನ್ನು ತೆಂಗಿನ ನಾರಿನಿಂದ ಉಜ್ಜಿ, ಕೆಂಡದ ಮೇಲೆ ಬೋರಲು ಹಾಕಿ ಬೇವಿನ ಹೊಗೆ ಕೊಡುತ್ತಿದ್ದರು. ಮಾರನೆಯ ದಿನದ ಮಜ್ಜಿಗೆಗೆ ಆ ಹೊಗೆಯ ವಾಸನೆ ತೆಳ್ಳಗೆ ಅಂಟಿಕೊಂಡಿರುತ್ತಿತ್ತು. ಬೇರೆ ಕಡೆಗಳಲ್ಲಿ ಅಜ್ಜಿ ಬೊಗಸೆ ಒಡ್ಡಬೇಕಿತ್ತು, ಎತ್ತರದಿಂದ ಹುಯ್ಯುತ್ತಿದ್ದರು. ಇಲ್ಲಿ ಮಾತ್ರ ಸಣ್ಣತಾಯಮ್ಮ ಅನ್ನುವ ಹೆಂಗಸು ತೊಳೆದ ಲೋಟವನ್ನು ಅಜ್ಜಿಯ ಕೈಗೇ ಕೊಡುತ್ತಿದ್ದಳು. "ಕುಡಿ ಮಗಾ, ಇನ್ನೊಂದ್ ಲೋಟ ಕುಡಿ," ಅನ್ನುತ್ತಿದ್ದಳು. ಆಗ ಆ ಲೋಟ ಎಷ್ಟು ದೊಡ್ಡದೆಂದು ಅರುಂಧತಿಗೆ ಗೊತ್ತಿರಲಿಲ್ಲ.

4 ಗಂಟೆ 5 ನಿಮಿಷ. ಮರ ಅದೇ, ಹರವಿಗಳಿಲ್ಲ. ಊರಿನ ಸಂಘದವರು ಶಿವರಾತ್ರಿಯಂದು ಕೂರಿಸಿದ ಸ್ಟೀಲ್ ಮೆಷಿನ್ ನಿಂತಿತ್ತು: ತಣ್ಣಗಿಡುವ ಟ್ಯಾಂಕು, ಕೆಳಗೊಂದು ತಿರುಪಿನ ನಲ್ಲಿ. ಟ್ಯಾಂಕಿನ ಮೇಲೆ ವಿಭೂತಿ. ನಲ್ಲಿ ಕೂಡುವ ಕಡೆ ಮೂರು ಬೆರಳಲ್ಲಿ ಎಳೆದ ಅರಿಶಿನ, ನಡುವೆ ಕುಂಕುಮ. ಇಂಥ ಗುರುತು ಠಾಣೆಯ ಜೀಪಿಗೂ ಇತ್ತು, ಬಂದೂಕಿನ ಬೀರುವಿಗೂ ಇತ್ತು. ಯಾರೂ ಅದನ್ನು ನಿಂತು ನೋಡುವುದಿಲ್ಲ. ಅರುಂಧತಿಯೂ ನೋಡಲಿಲ್ಲ.

ದೀಪಿಕ ಕಟ್ಟೆಯ ತುದಿಯಲ್ಲಿ ಸೆರಗು ಬಾಯಿಗೊತ್ತಿ ಕೂತಿದ್ದಳು.

"ಮೊಸರು ಎಲ್ಲಿಂದ?"

"ಮನೇದೇ ಮೇಡಂ. ಬೆಳಿಗ್ಗೆ ಕಡ್ದು ಕ್ಯಾನಲ್ಲಿ ತಂದು ಟ್ಯಾಂಕಿಗೆ ಉಯ್ದೆ. ಇದೇ ಮಜ್ಜಿಗೆ ಮನೇಲಿ ನನ್ ಮಗೂನೂ ಕುಡ್ದದೆ. ಏನೂ ಆಗಿಲ್ಲ."

"ಮನೇಗ್ ಒಳ್ಳೇದು, ಊರಿಗ್ ಕೆಟ್ಟದ್ದು!" ಗುಂಪಿನಿಂದ ಒಬ್ಬ ಕೂಗಿದ. "ಗೊತ್ತಿಲ್ವಾ ನಮ್ಗೆ!"

ಹೆಡ್ ಕಾನ್‌ಸ್ಟೇಬಲ್ ದೇವರಾಜು ಪೆನ್ನಿನ ಕ್ಯಾಪು ತೆಗೆದ. "ಎಲ್ಲಾ ಗೊತ್ತಿರೋನು ನೀನೇ ಏನ್ಲಾ? ಬಾ, ಪಂಚನಾಮೆಗೆ ಸಾಕ್ಷಿ ಆಗು. ಕೋರ್ಟಿಗೆ ನಾಕ್ ಸರ್ತಿ ಬಂದ್ರೆ ಸಾಕು."

ಆ ಮನುಷ್ಯ ಮರದ ಹಿಂದೆ ಸರಿದವನು ಮತ್ತೆ ಕಾಣಲಿಲ್ಲ.

ಮೆಷಿನ್ನಿನ ಉಸ್ತುವಾರಿ ಸಣ್ಣತಾಯಮ್ಮನ ಗಂಡ ಚಿಕ್ಕಣ್ಣನದು. ಎಪ್ಪತ್ತು ದಾಟಿದ ಒಕ್ಕಲಿಗ ಮುದುಕ, ಹೆಗಲ ಮೇಲೆ ಒಗೆದು ಮಡಿಸಿದ ಟವಲು.

"ಇದನ್ನ ತೊಳೆಯೋರು ಯಾರು?"

"ನಾನೇ ಕಣವ್ವ."

"ಯಾವಾಗ?"

"ಸ್ವಾಮಾರ ಸ್ವಾಮಾರ. ಕಾರ್ಡ್‌ನಾಗೆ ಸೈನ್ ಆಕಿವ್ನಿ, ನೋಡು."

ದೇವರಾಜು ಮೆಷಿನ್ನಿಗೆ ಕಟ್ಟಿದ್ದ ಕಾರ್ಡನ್ನು ಓದಿದ. ನಲ್ಲಿ ಬಿಚ್ಚಿ, ಒಳಗಿನ ರಬ್ಬರ್ ವಾಷರ್ ತೆಗೆದು, ಬಿಸಿನೀರಲ್ಲಿ ಉಜ್ಜಿ, ಕ್ಲೋರಿನ್ ಪುಡಿಯ ನೀರಲ್ಲಿ ನೆನೆಸಿ, ಮತ್ತೆ ತೊಳೆದು ಜೋಡಿಸಬೇಕು. ಮಾರ್ಚ್ 17ರಿಂದ ಏಪ್ರಿಲ್ 21ರವರೆಗೆ ಆರು ಸೋಮವಾರ, ಆರು ಸಹಿ.

"ಸಣ್ಣತಾಯಮ್ಮೋರು ಎಲ್ಲಿ?" ಅರುಂಧತಿಯ ಬಾಯಿಂದ ಪ್ರಶ್ನೆ ತಾನಾಗಿ ಬಂತು.

ಮುದುಕ ಟವಲು ತೆಗೆದು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಓಗ್ಬುಟ್ಲು. ಸಿವರಾತ್ರಿ ಕಳ್ದು ನಾಕ್ನೇ ದಿನ. ಮಿಸನ್ನಿಗೆ ಪೂಜೆ ಮಾಡ್ದೋಳೂ ಅವಳೇ. ಒಂದು ಲೋಟ ಇಡ್ದು ನಂಗೇ ಕೊಟ್ಲು. ಆಮೇಲೆ ತಿಥಿ ಕಳ್ಯೋಗಂಟ ಮಿಸನ್ನು ಮುಚ್ಚೇ ಇತ್ತು."

ಕ್ಯಾನಿನ ತಳದಲ್ಲಿ ಉಳಿದ ಮಜ್ಜಿಗೆ ಒಂದು ಬಾಟಲಿಗೆ, ನಲ್ಲಿಯಿಂದ ಹಿಡಿದದ್ದು ಇನ್ನೊಂದಕ್ಕೆ. ಫೋಟೊ, ಪಂಚರ ಸಹಿ, ಅರಗಿನ ಮುದ್ರೆ. ಮೆಷಿನ್ನಿಗೆ ಬಟ್ಟೆ ಸುತ್ತಿ ಸೀಲು ಮಾಡಿ, ಒಬ್ಬ ಕಾನ್‌ಸ್ಟೇಬಲನ್ನು ಕಾವಲಿಟ್ಟು ಹೊರಟರು.

ಎರಡು ದಿನ ಕಳೆಯಿತು. ಮಂಡ್ಯದಲ್ಲಿ ಶೋಭಿತಾ ಕಣ್ಣು ಬಿಟ್ಟಳು, ಇಡ್ಲಿ ಕೇಳಿದಳು. ಊರಿನಲ್ಲಿ ದೀಪಿಕಳ ಪಕ್ಕದ ಮನೆಯವರು ಅವಳು ಕೊಟ್ಟಿದ್ದ ಮೊಸರನ್ನು ಅವಳ ಬಾಗಿಲ ಮುಂದೆಯೇ ಚರಂಡಿಗೆ ಸುರಿದರು. ಗುರುವಾರ ಅವಳು ಠಾಣೆಗೆ ಬಂದು ಒಂದು ಗಂಟೆ ಕೂತು ಎದ್ದು ಹೋದಳು.

ಏಪ್ರಿಲ್ 25, ಶುಕ್ರವಾರ, ಬೆಳಿಗ್ಗೆ 11 ಗಂಟೆ 10 ನಿಮಿಷಕ್ಕೆ ಪ್ರಯೋಗಾಲಯದಿಂದ ಫೋನು. ಕ್ಯಾನಿನ ಮಜ್ಜಿಗೆ ಸರಿಯಾಗಿದೆ. ನಲ್ಲಿಯದು ವಿಷವಾಗಿದೆ. ಬೆರೆಸಿದ ವಿಷವಲ್ಲ, ಕೊಳೆತು ಹುಟ್ಟಿದ್ದು.

"ಅಂದ್ರೆ ದೀಪಿಕ ಅಲ್ಲ," ಅಂದ ದೇವರಾಜು. "ಆದ್ರೆ ಮುದುಕಪ್ಪ ತೊಳ್ದವ್ನೆ ಅಲ್ವಾ ಮೇಡಂ? ಪಾತ್ರೆ ಉಜ್ಜದ್ರಲ್ಲಿ ಆ ಮನೆಯೋರ ಸಮ ಯಾರವ್ರೆ?"

ಅರುಂಧತಿ ಪಂಚನಾಮೆಯ ಫೋಟೊಗಳನ್ನು ಮೇಜಿನ ಮೇಲೆ ಹರಡಿದಳು. ನಲ್ಲಿಯ ಫೋಟೊ ಬಂದಾಗ ಅದನ್ನು ಬೇರೆಯಿಟ್ಟಳು. ದೇವರಾಜುವಿನ ನೀರಿನ ಬಾಟಲಿ ತೆಗೆದುಕೊಂಡು, ಮುಚ್ಚಳದಿಂದ ಬಾಟಲಿಯ ಕೊರಳಿನವರೆಗೆ ಪೆನ್ನಲ್ಲಿ ಮೂರು ಗೆರೆ ಎಳೆದಳು. ಮುಚ್ಚಳ ತಿರುಗಿಸಿ ತೆಗೆದು, ಮತ್ತೆ ಹಾಕಿದಳು. ಗೆರೆಗಳು ಕೂಡಲಿಲ್ಲ.

ಫೋಟೊದಲ್ಲಿ ಅರಿಶಿನದ ಮೂರು ಗೆರೆ ಟ್ಯಾಂಕಿನಿಂದ ನಲ್ಲಿಯ ಮೇಲೆ ಕೂದಲೆಳೆಯಷ್ಟೂ ಮುರಿಯದೆ ಇಳಿದಿದ್ದವು. ಶಿವರಾತ್ರಿಯಿಂದ ಇಂದಿನವರೆಗೆ ಆ ನಲ್ಲಿಯನ್ನು ಯಾರೂ ಒಮ್ಮೆಯೂ ಬಿಚ್ಚಿರಲಿಲ್ಲ.

ದೇವರಾಜು ತಲೆಯ ಟೋಪಿ ತೆಗೆದು ಮೇಜಿನ ಮೇಲಿಟ್ಟ.

12 ಗಂಟೆ 20 ನಿಮಿಷ. ಪಂಚರ ಎದುರು ಮೆಷಿನ್ನಿನ ಸೀಲು ಒಡೆದು ಬಟ್ಟೆ ಬಿಚ್ಚಿದರು. ಚಿಕ್ಕಣ್ಣ ತಾನಾಗಿಯೇ ಬಂದು ನಿಂತಿದ್ದ.

"ಯಜಮಾನ್ರೇ, ಈ ನಲ್ಲಿ ಎಷ್ಟು ಸಲ ಬಿಚ್ಚಿದ್ದೀರಿ?"

"ಆರು ಸರ್ತಿ."

"ಅರಿಶಿನ ಹಚ್ಚಿದ್ದು ಯಾರು?"

ಮುದುಕ ಟವಲಿನಿಂದ ಮುಖ ಒರೆಸಿಕೊಂಡ.

"ಬಿಚ್ಚಿದ್ದರೆ ಗೆರೆ ಮುರೀಬೇಕಿತ್ತಲ್ಲ?"

ಮುದುಕ ಕಟ್ಟೆಯ ಮೇಲೆ ಮೆಲ್ಲಗೆ ಕೂತ. "ಸಣ್ಣತಾಯಿ ಅಳ್ಳೆಣ್ಣೇಲಿ ಕಲ್ಸಿ ಅಚ್ಚೋಳು ಕಣವ್ವ. ಅರವಿಗೂ ಅಂಗೇ ಅಚ್ಚೋಳು. ಬ್ಯಾಗ ಓಗಲ್ಲ ಅದು. ಮೊದಲ್ನೇ ಸ್ವಾಮಾರ ಸ್ಪ್ಯಾನರ್ ಇಡ್ಕಂಡು ಕೂತೆ. ನೋಡಿದ್ರೆ ಅವಳ ಬೆರಳಿನ ಗೆರೆ ಅಂಗಂಗೇ ಅವೆ. ಮನೇಲಿ ಸೀರೆ ಎಲ್ಲಾ ಒಗ್ದು ಕೊಟ್ಬುಟ್ರು, ಗ್ವಾಡೆಗೆ ಸುಣ್ಣ ಬಳ್ದ್ಬುಟ್ರು. ಇದೊಂದೇ ಉಳ್ದಿತ್ತು. ಎಂಗವ್ವ ಮುರೀಲಿ?"

"ಮತ್ತೆ ತೊಳೆದೆ ಅಂದಿರಿ?"

"ಟ್ಯಾಂಕು ತೊಳ್ದೆ. ಕುದಿಯೋ ನೀರು ಬುಟ್ಟೆ. ಅದೊಂದ್ ಬುಟ್ಟು ಒರಗೆಲ್ಲಾ ಉಜ್ಜಿದೆ. ಪೂಜೆ ಮಾಡಿದ್ ಜಾಗದಲ್ಲಿ ಕೆಟ್ಟದ್ದು ಕೂರಲ್ಲ ಅಂದ್ಕಂಡೆ."

"ದೀಪಿಕನ್ನ ಊರೇ ಬಯ್ಯುವಾಗ?"

ಚಿಕ್ಕಣ್ಣ ಈಗ ಅತ್ತ. "ಅದೇ ಕಣವ್ವ ನನ್ ತಪ್ಪು. ಮೂರು ದಿನ ಬಾಯಿ ಮುಚ್ಕಂಡಿದ್ದೆ. ಆಡಿದ್ರೆ ಇದ ಬಿಚ್ತೀರಿ ಅಂತ ಮುಚ್ಕಂಡಿದ್ದೆ. ಆ ಮಗಾ ಸತ್ತೋಗಿದ್ರೆ ಸಣ್ಣತಾಯಿ ನನ್ ಮಕ ನೋಡ್ತಿದ್ಲಾ?"

ಗುಂಪಿನ ಹಿಂದೆ ನಿಂತಿದ್ದ ದೀಪಿಕ ಬಾಯಿಂದ ಸೆರಗು ತೆಗೆದಳು. ಅವಳ ಕಡೆ ಯಾರೂ ತಲೆಯೆತ್ತಿ ನೋಡಲಿಲ್ಲ.

ಅರುಂಧತಿ ಬೆರಳಚ್ಚು ತೆಗೆಯುವಾಗಿನಂತೆ ಅಳತೆಪಟ್ಟಿ ಪಕ್ಕದಲ್ಲಿಟ್ಟು, ಆ ಮೂರು ಗೆರೆಗಳನ್ನು ಹತ್ತಿರದಿಂದ ಫೋಟೊ ಹೊಡೆಸಿದಳು. ಎಣ್ಣೆಯ ಅರಿಶಿನದಲ್ಲಿ ಬೆರಳ ತುದಿಯ ಸುತ್ತುಗೆರೆ ಇನ್ನೂ ಕಾಣುತ್ತಿತ್ತು. ಅಜ್ಜಿಯ ಕೈಗೇ ಲೋಟ ಕೊಟ್ಟ ಬೆರಳುಗಳು.

"ದೇವರಾಜು, ಸ್ಪ್ಯಾನರ್."

"ತಾಳವ್ವ," ಅಂದ ಚಿಕ್ಕಣ್ಣ. "ನಾನೇ ಬಿಚ್ತೀನಿ."

ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರುಂಧತಿ ಕೈಗವಸು ತೊಡಿಸಿ ಸ್ಪ್ಯಾನರನ್ನು ಅವನ ಕೈಗೆ ಕೊಟ್ಟಳು. ತಿರುಪು ಕಿರುಗುಟ್ಟಿತು. ಅರಿಶಿನದ ಗೆರೆ ಎರಡಾಯಿತು. ನಲ್ಲಿಯ ಹಿಂದೆ, ವಾಷರಿನ ಸುತ್ತ, ಎರಡು ತಿಂಗಳ ಮೊಸರು ಹಸಿರುಗಟ್ಟಿ ಕೂತಿತ್ತು. ವಾಸನೆಗೆ ಗುಂಪು ಹಿಂದೆ ಸರಿಯಿತು. ಮುದುಕ ಸರಿಯಲಿಲ್ಲ. "ಸಣ್ಣತಾಯಿ ನೋಡಿದ್ರೆ ಬಾರ್ಕೋಲ್ ತಗತಿದ್ಲು," ಅಂದ.

ಮಧ್ಯಾಹ್ನ 1 ಗಂಟೆ 5 ನಿಮಿಷಕ್ಕೆ ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ ಒಡ್ಡಿದ ಆರೋಪದ ಮೇಲೆ ಚಿಕ್ಕಣ್ಣನ ದಸ್ತಗಿರಿಯಾಯಿತು. ಜೀಪು ಹತ್ತುವ ಮೊದಲು ಅವನು ದೀಪಿಕಳ ಮುಂದೆ ನಿಂತು ಕೈಮುಗಿದ. ಅವಳು ಮುಗಿಯಲಿಲ್ಲ, ಬಯ್ಯಲೂ ಇಲ್ಲ. "ಊಟ ಮಾಡ್ದ್ಯಾ ದೊಡ್ಡಪ್ಪ?" ಅಂದಳು.

ಜಾಮೀನು ಸಿಗುವ ಪ್ರಕರಣ. ಸಂಜೆಯೊಳಗೆ ಠಾಣೆಯಲ್ಲೇ ಬಿಡುಗಡೆಯಾಯಿತು. ನಲ್ಲಿ ಮೊಹರು ಮಾಡಿದ ಲಕೋಟೆಯಲ್ಲಿ ಮಂಡ್ಯಕ್ಕೆ ಹೋಯಿತು, ಅದರೊಡನೆ ಅರ್ಧ ಅರಿಶಿನವೂ ಹೋಯಿತು. ಇನ್ನರ್ಧ ಹೊಂಗೆಮರದ ಕೆಳಗೆ ಟ್ಯಾಂಕಿನ ಮೇಲೆ ಉಳಿಯಿತು.

ಅರುಂಧತಿ ಕೇಸ್ ಡೈರಿ ಬರೆಯಲು ಕೂತಳು. ಕೃತ್ಯದ ಕಾರಣ ಎಂಬ ಜಾಗಕ್ಕೆ ಬಂದಳು. ನಾಲಿಗೆಯ ಮೇಲೆ ಬೇವಿನ ಹೊಗೆಯ ಮಜ್ಜಿಗೆ ಬಂದು ಹೋಯಿತು. ಕೊನೆಗೆ ಬರೆದಳು: 'ಮೃತ ಪತ್ನಿಯ ಕೈಗುರುತು ಅಳಿಸಲು ಆರೋಪಿಗೆ ಮನಸ್ಸು ಬಾರದ್ದರಿಂದ.' ಕೆಳಗೆ ತಾರೀಖು, ಸಮಯ ಹಾಕಿ ಸಹಿ ಮಾಡಿದಳು.